ಮುನಿದ ಜೀವವನ್ನು ಒಲಿಸುವ ಬಗೆ

ಕಳೆದ ಕಾರ್ತಿಕ ಮಾಸದಲ್ಲಿ ಚಿಂತಾಮಣಿಯ ಓದುಗ ಬಂಧುಗಳೊಬ್ಬರಿಂದ ನಮಗೆ ಒಂದು ಪತ್ರ ಬಂದಿತು. ಅವರ ಮನೆತನ ನಮಗೆ ಹೊಸದಲ್ಲ. ತಂದೆಯವರ ಕಾಲದಿಂದಲೂ ಈ ಪತ್ರಿಕೆಯನ್ನು ತರಿಸಿ ಓದುವವರು. ಹಸು, ನಾಯಿ, ಬೆಕ್ಕುಗಳ ವಿಷಯವಾಗಿ ನಾವು ಈ ಅಂಕಣದಲ್ಲಿ ಬರೆದುದನ್ನು ನೆನೆದು, "ಈ ಬಾರಿ ನಿಮಗೆ ಸ್ವಲ್ಪ ವಿಚಿತ್ರವಾದ ಕಷ್ಟವೊಂದನ್ನು ಹೇಳಿಕೊಳ್ಳಬೇಕಾಗಿದೆ" ಎಂದು ಆರಂಭಿಸಿದ್ದರು. ಕಾಲೇಜಿನಲ್ಲಿ ಓದುವ ಮಗ ಮೂರು ವರ್ಷಗಳ ಹಿಂದೆ ಬೆಂಗಳೂರಿನಿಂದ ಗೇಣುದ್ದದ ಹಸಿರು ಹಲ್ಲಿಯೊಂದನ್ನು ಕೊಂಡು ತಂದಿದ್ದನಂತೆ. ಅದೀಗ ನಾಲ್ಕೂವರೆ ಅಡಿ ಬೆಳೆದಿದೆ. ಹತ್ತಿರ ಹೋದರೆ ಬಾಲದಿಂದ ಬಾರಿಸುತ್ತದೆ. ಮಗನ ಅಂಗೈಯನ್ನು ಕಚ್ಚಿ ಮೂರು ಹೊಲಿಗೆ ಹಾಕಿಸಿದೆ. ಎಂಬತ್ತರ ಆಸುಪಾಸಿನ ಅಜ್ಜಿಯ ಮೊಣಕಾಲಿನ ಕೆಳಗೆ ಬಾಸುಂಡೆ ಎಬ್ಬಿಸಿದೆ. ಪತ್ರದ ಕೊನೆಯ ಸಾಲು ನಮ್ಮನ್ನು ಕಲಕಿತು: "ಮುಂದಿನ ಭಾನುವಾರ ಕೆರೆಯ ಏರಿಯ ಮೇಲೆ ಬಿಟ್ಟು ಬರೋಣವೆಂದಿದ್ದೇನೆ. ಮಗ ಎರಡು ದಿನಗಳಿಂದ ಊಟ ಮಾಡಿಲ್ಲ. ಏನು ಮಾಡಲಿ?"

ನಾವು ಉತ್ತರ ಬರೆಯುವ ಬದಲು ಬಸ್ಸು ಹತ್ತಿದೆವು.

ಆ ಪ್ರಾಣಿಯ ಹೆಸರು ಹಸಿರು ಇಗುವಾನ. ನಮ್ಮ ದೇಶದ್ದಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ವಾಸಿಸುವ ಶುದ್ಧ ಸಸ್ಯಾಹಾರಿ. ಚೆನ್ನಾಗಿ ಸಾಕಿದರೆ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಕೊಳ್ಳುವಾಗ ಅಂಗಡಿಯವರು ಇದಾವುದನ್ನೂ ಹುಡುಗನಿಗೆ ಹೇಳಿರಲಿಲ್ಲ. ಅಂಗೈಯಲ್ಲಿ ಕುಳಿತ ಗಿಳಿಹಸಿರಿನ ಮರಿಯನ್ನು ನೋಡಿ ಮನಸೋತ ಹುಡುಗ, ಅದು ತನ್ನ ಅಜ್ಜಿಯ ಎತ್ತರದಷ್ಟು ಉದ್ದವಾಗಬಹುದೆಂದು ಎಣಿಸಿರಲಿಲ್ಲ.

ಅಲ್ಲಿ ನಾವು ಕೇಳಿದ ಮೊದಲ ಪ್ರಶ್ನೆ ಕಾಗದಪತ್ರದ ಬಗ್ಗೆ. ಇಗುವಾನವು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಯಲ್ಲಿರುವ ಜೀವಿ. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 2024ರ ನೋಂದಣಿ ನಿಯಮಗಳೂ ಇಂಥ ವಿದೇಶಿ ಪ್ರಾಣಿಯನ್ನು ಮನೆಯಲ್ಲಿ ಇರಿಸಿಕೊಂಡವರು ಅದನ್ನು ಸರ್ಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕೆಂದು ವಿಧಿಸಿವೆ. ಮತ್ತೊಬ್ಬರಿಗೆ ಕೊಟ್ಟರೂ, ಮರಿಯಾದರೂ, ಸತ್ತರೂ ತಿಳಿಸಬೇಕು. ಹುಡುಗ ಆ ಕೆಲಸವನ್ನು 2024ರಲ್ಲಿಯೇ ಮಾಡಿ ಮುಗಿಸಿದ್ದ. ತಂದೆಗೆ ಅದು ಗೊತ್ತೇ ಇರಲಿಲ್ಲ. ಹೀಗೆ ಲೆಕ್ಕಕ್ಕೆ ಸೇರಿದ ಜೀವವನ್ನು ಕೆರೆಯ ಏರಿಯ ಮೇಲೆ ಬಿಟ್ಟು ಕೈ ತೊಳೆದುಕೊಳ್ಳಲು ಬರುವುದಿಲ್ಲವೆಂದು ಅವರಿಗೆ ವಿವರಿಸಿದೆವು. ಕಾನೂನಿನ ಮಾತು ಹಾಗಿರಲಿ. ಕಟ್ಟೆಯ ಮೇಲೆ ಬಿಟ್ಟರೆ ನಾಯಿಗಳ ಬಾಯಿಗೆ ಬೀಳುತ್ತದೆ, ಇಲ್ಲವೇ ಧನುರ್ಮಾಸದ ಚಳಿಗೆ ಮರಗಟ್ಟುತ್ತದೆ. 2010ರ ಜನವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಚಳಿ ಬಿದ್ದಾಗ ಮರಗಳಿಂದ ಇಗುವಾನಗಳು ಕಲ್ಲಿನಂತೆ ಉದುರಿದವು. ಅವೆಲ್ಲ ಸಾಕಿದವರು ಬಿಟ್ಟುಬಿಟ್ಟ ಮತ್ತು ಹಡಗುಗಳಲ್ಲಿ ಬಂದಿಳಿದ ಪ್ರಾಣಿಗಳ ಸಂತಾನ. ಬದುಕಿ ಹೆಚ್ಚಿದರೂ ಕೇಡೇ. ಅಲ್ಲಿಯೂ ಪೋರ್ಟೊರಿಕೊ, ತೈವಾನ್‌ಗಳಲ್ಲಿಯೂ ಅವು ರೈತರ ಬೆಳೆಗೆ ಮುಳುವಾಗಿವೆ.

ಇನ್ನು ನಮ್ಮ ತಪ್ಪೊಂದನ್ನು ಮುಚ್ಚಿಡದೆ ಹೇಳಬೇಕು. ನಾವು ಹೋದಾಗ ಅದು ಹಜಾರದ ಮಂಚದ ಕೆಳಗೆ ಸೇರಿಕೊಂಡಿತ್ತು. ನಾಯಿಗಳೊಡನೆ ಒಡನಾಡಿದ ಅಭಿಮಾನದಿಂದ, ಧೈರ್ಯವಾಗಿ ಹಿಡಿದರೆ ಮಣಿಯುತ್ತದೆಂದು ಭಾವಿಸಿ, ಕೈಗೆ ದಪ್ಪ ಟವಲು ಸುತ್ತಿಕೊಂಡು ಬಾಲವನ್ನು ಹಿಡಿದೆಳೆದೆವು. ಒಂದು ಮೊಳದಷ್ಟು ಬಾಲ ನಮ್ಮ ಕೈಯಲ್ಲಿ ಉಳಿಯಿತು. ಅದು ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದುದನ್ನು ಆ ಮನೆಯ ಐದು ಜನರೂ ನೋಡಿದರು. ಹುಡುಗ ಏನೂ ಮಾತನಾಡಲಿಲ್ಲ. ಆತ ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಮನೆಯ ಗೋಡೆಯ ಹಲ್ಲಿ ಬಾಲ ಕಳಚುವುದನ್ನು ಬಾಲ್ಯದಿಂದಲೂ ಬಲ್ಲ ನಮಗೆ ಈ ದೊಡ್ಡ ಹಲ್ಲಿಯೂ ಹಾಗೆ ಮಾಡೀತೆಂಬುದು ಆ ಕ್ಷಣದಲ್ಲಿ ಹೊಳೆಯದೆ ಹೋಯಿತಲ್ಲ!

ಮರುದಿನ ಅದನ್ನು ಬುಟ್ಟಿಯಲ್ಲಿಟ್ಟು ಚಿಕ್ಕಬಳ್ಳಾಪುರದ ಪಶುವೈದ್ಯರೊಬ್ಬರಲ್ಲಿಗೆ ಕೊಂಡೊಯ್ದೆವು. ಅವರು ಗಾಯವನ್ನು ಶುಚಿಗೊಳಿಸಿ, ಹೊಲಿಗೆ ಹಾಕಿದರೆ ಬಾಲ ಮತ್ತೆ ಬೆಳೆಯುವುದಕ್ಕೆ ಅಡ್ಡಿಯಾಗುತ್ತದೆಂದು ಹಾಗೆಯೇ ಬಿಟ್ಟರು. ಬಳಿಕ ಒಂದು ಗಂಟೆ ಕೂರಿಸಿಕೊಂಡು ಹೇಳಿದ ಮಾತುಗಳೇ ಈ ಲೇಖನದ ತಿರುಳು.

ಅವರು ಮೊದಲು ವಿಚಾರಿಸಿದ್ದು ಅದರ ಸ್ವಭಾವವನ್ನಲ್ಲ, ಮನೆಯನ್ನು. ಮೀನು ಸಾಕುವ ಗಾಜಿನ ತೊಟ್ಟಿಯಲ್ಲಿ, ದೂರದರ್ಶನದ ಪಕ್ಕದಲ್ಲಿ, ನೆಲಮಟ್ಟದಲ್ಲಿ ಅದನ್ನು ಇರಿಸಿದ್ದರು. ಮರದ ಕೊಂಬೆಯ ಮೇಲೆ ಬಾಳಬೇಕಾದ ಪ್ರಾಣಿಗೆ ನೆಲವೆಂದರೆ ಅಪಾಯ. ಮೇಲಿನಿಂದ ಬಾಗಿ ನೋಡುವ ಪ್ರತಿಯೊಬ್ಬರೂ ಹದ್ದಿನಂತೆ. ಅದರ ನೆತ್ತಿಯ ಮೇಲೆ ಬಿಳಿಯ ಚುಕ್ಕೆಯಂತಹ ಮೂರನೆಯ ಕಣ್ಣೊಂದಿದೆ. ಅದಕ್ಕೆ ರೂಪ ಕಾಣುವುದಿಲ್ಲ, ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಮೇಲಿನಿಂದ ಕೈಯ ನೆರಳು ಬಿದ್ದರೆ ಸಾಕು, ಜೀವಭಯ ಹುಟ್ಟುತ್ತದೆ. ಮುಕ್ಕಣ್ಣನನ್ನು ನೆನೆಯುವ ಮನೆಯವರಿಗೆ ಈ ಮುಕ್ಕಣ್ಣನ ಸುಳಿವು ಮೂರು ವರ್ಷ ಹತ್ತದಿದ್ದುದು ಸೋಜಿಗವೆಂದು ವೈದ್ಯರು ನಕ್ಕರು.

ಎರಡನೆಯದು ಆಹಾರ. ಪ್ರೀತಿಯಿಂದ ಹುಡುಗ ಬೇಯಿಸಿದ ಮೊಟ್ಟೆ, ಬೆಕ್ಕಿನ ಬಿಸ್ಕತ್ತು ಕೊಡುತ್ತಿದ್ದ. ಲಿಂಗವಂತರ ಮನೆಯಲ್ಲಿ ಮೊಟ್ಟೆ ಬೇಯಿಸುವ ವಿಷಯದಲ್ಲಿಯೇ ಮೊದಲು ಜಗಳ ಹುಟ್ಟಿತ್ತೆಂಬುದು ಆಮೇಲೆ ತಿಳಿಯಿತು. ತಮಾಷೆಯೆಂದರೆ ಈ ಪ್ರಾಣಿಗೂ ಮೊಟ್ಟೆ ಸಲ್ಲದು. ಮಾಂಸಾಹಾರದ ಪೌಷ್ಟಿಕಾಂಶವು ಅದರ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಪಾಲಕ್ ಮತ್ತು ದಂಟಿನ ಸೊಪ್ಪನ್ನು ನಿತ್ಯ ಕೊಟ್ಟರೂ ಅವುಗಳಲ್ಲಿರುವ ಆಕ್ಸಲೇಟು ಸುಣ್ಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಅದಕ್ಕೆ ಹಿತವಾದುದು ಹಿಪ್ಪುನೇರಳೆ ಎಲೆ, ದಾಸವಾಳದ ಹೂವು ಮತ್ತು ಎಲೆ, ಕುಂಬಳಕಾಯಿ. ಇದನ್ನು ಕೇಳಿ ನಮಗೆ ಸಂತೋಷವಾಯಿತು. ಹಿಪ್ಪುನೇರಳೆಗೆ ಶಿಡ್ಲಘಟ್ಟಕ್ಕಿಂತ ಬೇರೆ ಊರುಂಟೇ! ಅಲ್ಲಿ ಆ ಕುಟುಂಬದ ಸೋದರತ್ತೆಯ ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೋ ಏನೋ ಎಂದು ನಾವು ಶಂಕಿಸಿದಾಗ ಆ ತಾಯಿ ಹೇಳಿದ ಉತ್ತರ ಸೊಗಸಾಗಿತ್ತು: "ಹುಳುವಿಗೆ ಹಾಕುವ ಸೊಪ್ಪನ್ನೇ ಕೊಡುತ್ತೇನೆ. ವಿಷವಿದ್ದರೆ ನಮ್ಮ ಹುಳುವೇ ಮೊದಲು ಸಾಯುತ್ತದೆ." ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಪ್ರಯೋಗಾಲಯದಲ್ಲಿದೆ?

ಮೂರನೆಯದು ಬಿಸಿಲು. ಕಿಟಕಿಯ ಗಾಜಿನ ಮೂಲಕ ಬರುವ ಬೆಳಕಿನಲ್ಲಿ ಮೈಗೆ ಬೇಕಾದ ನೇರಳಾತೀತ ಕಿರಣ ಇರುವುದಿಲ್ಲ. ಅದಿಲ್ಲದಿದ್ದರೆ ಡಿ ಜೀವಸತ್ವ ಹುಟ್ಟದೆ ಮೂಳೆಗಳು ಮೃದುವಾಗಿ, ನೋವಿನಿಂದ ನರಳುವ ಪ್ರಾಣಿ ಮುಟ್ಟಿದವರ ಮೇಲೆರಗುತ್ತದೆ. ನಾವು ಕೋಪವೆನ್ನುವುದು ಎಷ್ಟೋ ಬಾರಿ ನೋವಾಗಿರುತ್ತದೆ. ಇದರ ಜೊತೆಗೆ ಇದು ಗಂಡು. ವರ್ಷಕ್ಕೊಮ್ಮೆ ಒಂದೆರಡು ತಿಂಗಳು ಮದದ ಕಾಲ ಬರುತ್ತದೆ, ಆಗ ಮೈಯ ಹಸಿರಿಗೆ ಕಿತ್ತಳೆಯ ಛಾಯೆ ಬರುತ್ತದೆ, ಸಾಕಿದವರನ್ನೂ ಎದುರಾಳಿಯೆಂದೇ ಬಗೆಯುತ್ತದೆ. ಕಾರ್ತಿಕದ ಆ ಕಚ್ಚುವಿಕೆ ಈ ಕಾಲಕ್ಕೆ ಸೇರಿದ್ದು.

ಮನೆಗೆ ಮರಳಿ ಪೂರ್ವದ ಪಡಸಾಲೆಗೆ ಕಬ್ಬಿಣದ ಜಾಲರಿ ಹೊಡೆಸಿ, ಆಳೆತ್ತರದ ಹುಣಸೆಯ ಕೊಂಬೆಗಳನ್ನು ನಿಲ್ಲಿಸಿ, ಒಂದು ಮೂಲೆಯಲ್ಲಿ ಕಾವಿನ ಬಲ್ಬು ತೂಗಿಸಿ ಅದಕ್ಕೆ ಹೊಸ ವಾಸವನ್ನು ಮಾಡಿಸಿದ್ದಾಯಿತು. ಆದರೆ ಆ ಪಡಸಾಲೆಯ ಇನ್ನೊಂದು ತುದಿ ಅಜ್ಜಿಯ ಪೂಜೆಯ ಜಾಗ. ಬಾಸುಂಡೆ ಇನ್ನೂ ಆರದಿದ್ದ ಅವರು ಸುತರಾಂ ಒಪ್ಪಲಿಲ್ಲ. "ಹಲ್ಲಿ ಲೊಚಗುಟ್ಟಿದರೆ ಶಕುನ ಕೇಳುವವರಲ್ಲ ನಾವು. ಆದರೆ ಹೊಡೆಯುವ ಹಲ್ಲಿಯ ಮುಂದೆ ಲಿಂಗಪೂಜೆಗೆ ಕೂರುವವಳೂ ಅಲ್ಲ" ಎಂದರು. ಮೊಮ್ಮಗನ ಮುಖ ನೋಡಿ ಎರಡು ದಿನಗಳ ಮೇಲೆ, ನಡುವೆ ಒಂದು ತೆರೆ ಕಟ್ಟಿಸುವ ಷರತ್ತಿನ ಮೇಲೆ ಒಪ್ಪಿದರು.

ಈಗ ಕೈಹಿಡಿತದ ಮಾತಿಗೆ ಬರೋಣ. ಮೊದಲ ಹದಿನೈದು ದಿನ ಯಾರೂ ಅದನ್ನು ಮುಟ್ಟಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಹುಡುಗ ಬೆಳಗ್ಗೆ ಬಿಸಿಲೇರಿದ ಮೇಲೆ ದಿನವೂ ಒಂದೇ ಹೊತ್ತಿಗೆ ಜಾಲರಿಯೊಳಗೆ ಹೋಗಿ, ಅರ್ಧ ಬೆನ್ನು ತಿರುಗಿಸಿ, ದಿಟ್ಟಿಸಿ ನೋಡದೆ, ಪಠ್ಯಪುಸ್ತಕ ಹಿಡಿದು ಕೂರಬೇಕು. ಅದು ಕೊರಳ ಚೀಲ ಇಳಿಬಿಟ್ಟು ತಲೆ ಕುಣಿಸಿದರೆ "ಇದು ನನ್ನ ಜಾಗ" ಎಂದರ್ಥ. ಪಕ್ಕೆಗಳನ್ನು ಚಪ್ಪಟೆ ಮಾಡಿ ಎತ್ತರವಾಗಿ ನಿಂತು ಬಾಲವನ್ನು ಬಿಲ್ಲಿನಂತೆ ಬಗ್ಗಿಸಿದರೆ ಮುಂದಿನ ಮಾತು ಏಟು. ಆಗ ಓಡಿಹೋಗಬಾರದು, ಗದರಿಸಬಾರದು, ಒಂದು ಹೆಜ್ಜೆ ಹಿಂದೆ ಸರಿದು ಸುಮ್ಮನಿರಬೇಕು. ಬಾಯಿ ತೆರೆದು ನಿಂತರೆ ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ಹೊಡೆದರಂತೂ ಎಲ್ಲವೂ ಮಣ್ಣುಪಾಲು. ಶಿಕ್ಷೆ ಏಕೆಂದು ತಿಳಿಯುವ ಶಕ್ತಿ ಅದಕ್ಕಿಲ್ಲ, ಹೊಡೆದ ಕೈ ಯಾವುದೆಂಬ ನೆನಪು ಮಾತ್ರ ಉಳಿಯುತ್ತದೆ.

ಮೂರನೆಯ ವಾರದಿಂದ ದಾಸವಾಳದ ಹೂವನ್ನು ಉದ್ದನೆಯ ಬಿದಿರಿನ ಚಿಮಟದಲ್ಲಿ ಹಿಡಿದು ನೀಡಿದ. ಮೊದಲ ನಾಲ್ಕು ದಿನ ಅದು ತಿರುಗಿಯೂ ನೋಡಲಿಲ್ಲ. ಐದನೆಯ ದಿನ ಕಿತ್ತುಕೊಂಡು ಕೊಂಬೆಯ ಮೇಲೇರಿತು. ಆಮೇಲೆ ಅಗಲವಾದ ತಟ್ಟೆಯಲ್ಲಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು. ಬೆರಳ ತುದಿಯಲ್ಲಿ ಮಾತ್ರ ಎಂದಿಗೂ ಕೊಡಬಾರದು. ಅದರ ಹಲ್ಲು ಗರಗಸದಂತೆ ಸೊಪ್ಪು ಕತ್ತರಿಸಲೆಂದೇ ಇರುವುದು, ಸೊಪ್ಪಿಗೂ ಬೆರಳಿಗೂ ಭೇದವೆಣಿಸದು. ಆರನೆಯ ವಾರಕ್ಕೆ ಕೈಯನ್ನು ಕೊಂಬೆಯ ಮೇಲೆ ಕೊಂಬೆಯಂತೆಯೇ ಇರಿಸಿ ಬಿಡುವುದು, ಬಳಿಕ ಪಕ್ಕದಿಂದ ಹೆಗಲ ಭಾಗವನ್ನು ಬೆರಳ ಹಿಂಬದಿಯಿಂದ ಸವರುವುದು. ಎತ್ತುವುದು ಅದಾದ ಮೇಲೆ. ಅದರಲ್ಲಿಯೂ ಕ್ರಮವಿದೆ: ಕೆಳಗಿನಿಂದ ಮುಂಗೈಯನ್ನು ಎದೆ ಹೊಟ್ಟೆಗಳ ಅಡಿಗೆ ಚಾಚಬೇಕು, ಇನ್ನೊಂದು ಕೈ ಹಿಂಗಾಲುಗಳನ್ನೂ ಬಾಲದ ಬುಡವನ್ನೂ ತಾಳಬೇಕು. ನಾಲ್ಕು ಕಾಲಿಗೂ ಆಸರೆ ಸಿಕ್ಕಿದರೆ ಅದು ನಿಮ್ಮನ್ನು ಮರವೆಂದೇ ತಿಳಿಯುತ್ತದೆ. ಸುಮ್ಮನೆ ಮಿಸುಕಾಡಿದ ಕೂಡಲೇ ಕೆಳಗಿಳಿಸಿದರೆ, ಮಿಸುಕಾಡಿದರೆ ಬಿಡುಗಡೆ ಎಂಬ ಪಾಠವನ್ನು ನಾವೇ ಕಲಿಸಿದಂತೆ. ಶಾಂತವಾದ ಗಳಿಗೆಯನ್ನು ಕಾದು ಆಗ ಕೊಂಬೆಗೆ ಬಿಡಬೇಕು. ಮೊದಲು ಅರ್ಧ ನಿಮಿಷ, ಮುಂದಿನ ವಾರ ಎರಡು ನಿಮಿಷ.

ಹೀಗೆ ಬರೆದಾಗ ಸಲೀಸಾಗಿ ಕಾಣುತ್ತದೆ. ಸಂಕ್ರಾಂತಿಯ ದಿನ ಎಲ್ಲವೂ ಬುಡಮೇಲಾಯಿತು. ಎಳ್ಳು ಬೀರಲು ಬಂದ ನೆಂಟರ ಮಕ್ಕಳು ಜಾಲರಿಯ ಬಾಗಿಲು ತೆರೆದು, ಒಬ್ಬ ಮೇಲಿನಿಂದ ಕೈ ಚಾಚಿ ಬೆನ್ನಿನ ಮುಳ್ಳುಗಳನ್ನು ಹಿಡಿದ. ಮೊಂಡು ಬಾಲವಾದರೂ ಏಟು ಏಟೇ. ಮಗುವಿನ ಕೆನ್ನೆ ಕೆಂಪಾಯಿತು. ಕಣ್ಣಿಗೆ ಬೀಳದಿದ್ದುದು ಪುಣ್ಯ. ಆ ರಾತ್ರಿ ತಂದೆ ದೂರವಾಣಿಯಲ್ಲಿ ನಮ್ಮೊಡನೆ ಕಟುವಾಗಿಯೇ ಮಾತನಾಡಿದರು: "ಒಂದು ಹಲ್ಲಿಗಾಗಿ ಮನೆಮಂದಿಯೆಲ್ಲ ಹೆಜ್ಜೆ ಎಣಿಸಿ ನಡೆಯಬೇಕೇ?" ನಮ್ಮ ಬಳಿ ಉತ್ತರವಿರಲಿಲ್ಲ. ಬಾಗಿಲಿಗೆ ಬೀಗ ಹಾಕಿಸಿರೆಂದು ಮಾತ್ರ ಹೇಳಿದೆವು. ಪ್ರಾಣಿ ಮತ್ತೆ ಎರಡು ವಾರ ಹುಡುಗನನ್ನು ಹತ್ತಿರ ಸೇರಿಸಲಿಲ್ಲ. ಆತ ಮತ್ತೆ ಬೆನ್ನು ತಿರುಗಿಸಿ ಪುಸ್ತಕ ಹಿಡಿದು ಕುಳಿತ.

ಆದರೆ ಆ ಎರಡು ವಾರಗಳಲ್ಲಿಯೇ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ನಾವು ಮಾಘ ಮಾಸದಲ್ಲಿ ಮತ್ತೆ ಹೋದಾಗ ಪಡಸಾಲೆಯ ನಡುವಿನ ತೆರೆ ಇರಲಿಲ್ಲ. ಏಕೆಂದು ಕೇಳಿದರೆ ಅಜ್ಜಿ, "ಬೆಳಕಿಗೆ ಅಡ್ಡವಾಗುತ್ತಿತ್ತು, ತೆಗೆಸಿದೆ" ಎಂದಷ್ಟೇ ಹೇಳಿದರು. ಮರುದಿನ ಮುಂಜಾನೆ ನಾವೇ ನೋಡಿದೆವು. ಅವರು ಮಿಂದು ಬಂದು ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ದೃಷ್ಟಿ ಕದಲಿಸದೆ ಮುಕ್ಕಾಲು ಗಂಟೆ ಕುಳಿತರು. ಅಷ್ಟು ಹೊತ್ತೂ ಆ ಪ್ರಾಣಿ ಜಾಲರಿಯ ಈಚಿನ ತುದಿಗೆ ಬಂದು, ಅವರ ಕಡೆ ಮುಖ ಮಾಡಿ, ಒಂದು ಕಣ್ಣು ಅರೆಮುಚ್ಚಿ ಕೊಂಬೆಯ ಮೇಲೆ ಮೈಚೆಲ್ಲಿ ಮಲಗಿತ್ತು. ದಿನವೂ ಒಂದೇ ಹೊತ್ತು, ಒಂದೇ ಜಾಗ, ಒಂದೇ ನಿಶ್ಚಲತೆ. ವೈದ್ಯರು ಹುಡುಗನಿಗೆ ಹದಿನೈದು ದಿನ ಕಲಿಸಿದ್ದನ್ನು ಈ ಮುದುಕಿ ಎಪ್ಪತ್ತು ವರ್ಷಗಳಿಂದ ಮಾಡುತ್ತಲೇ ಇದ್ದರು. ಪೂಜೆ ಮುಗಿದ ಮೇಲೆ ಬುಟ್ಟಿಯಲ್ಲಿ ಮಿಕ್ಕ ದಾಸವಾಳವೊಂದನ್ನು ಅವರು ಜಾಲರಿಯ ಕಿಂಡಿಯಲ್ಲಿಟ್ಟರು. ನಮ್ಮನ್ನು ಕಂಡು, "ಚೆಲ್ಲುವ ಬದಲು" ಎಂದರು.

ಶಿವರಾತ್ರಿಯ ಹೊತ್ತಿಗೆ ಮೈಯ ಕಿತ್ತಳೆ ಬಣ್ಣ ಹೋಗಿ ಹಸಿರು ಮರಳಿತು. ಆದುದರಿಂದ ಪಳಗಿಸಿದ ಕೀರ್ತಿಯಲ್ಲಿ ಅರ್ಧ ಋತುವಿಗೆ ಸಲ್ಲಬೇಕು. ಪೂರ್ತಿ ನಮ್ಮದೆಂದು ಹೇಳಿಕೊಳ್ಳುವುದು ಸುಳ್ಳು. ಪಳಗಿತು ಎನ್ನುವ ಮಾತನ್ನೂ ನಾವು ಹಿಡಿತದಲ್ಲಿಟ್ಟುಕೊಂಡೇ ಬಳಸುತ್ತೇವೆ. ನಾಯಿಯಂತೆ ಅದು ಓಡಿಬಂದು ಕಾಲು ನೆಕ್ಕುವುದಿಲ್ಲ. ಇವರಿಂದ ಕೇಡಿಲ್ಲವೆಂದು ತಿಳಿದಿದೆ, ಅಷ್ಟೆ. ಈಗ ಹುಡುಗನ ಮುಂಗೈಯ ಮೇಲೆ ಹತ್ತು ಹದಿನೈದು ನಿಮಿಷ ಇರುತ್ತದೆ, ಉಗುರು ಕತ್ತರಿಸಲು ಬಿಡುತ್ತದೆ. ತಂದೆ ಬಂದರೆ ಈಗಲೂ ತಲೆ ಕುಣಿಸುತ್ತದೆ. ಅವರೂ ದೂರದಿಂದಲೇ ತಲೆ ಕುಣಿಸಿ ಮುಂದೆ ಹೋಗುತ್ತಾರೆ.

ಈ ವೃತ್ತಾಂತ ಓದಿ ಯಾರೂ ಇಗುವಾನ ಕೊಳ್ಳಲು ಹೊರಡಬಾರದೆಂದು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಇಪ್ಪತ್ತು ವರ್ಷದ ಹೊಣೆ, ಒಂದು ಕೋಣೆಯಷ್ಟು ಜಾಗ, ಚಳಿಗಾಲದಲ್ಲಿ ನಿಲ್ಲದ ಕಾವು ಯಾರ ಮನೆಯಲ್ಲಿ ಉಂಟು? ಆಗಲೇ ಸಾಕುತ್ತಿರುವವರಿಗೆ ಇನ್ನೊಂದು ಎಚ್ಚರಿಕೆ. ಇಂಥ ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಅದರ ತಟ್ಟೆಯನ್ನು ಅಡಿಗೆಮನೆಗೆ ತರಬಾರದು, ಐದು ವರ್ಷದೊಳಗಿನ ಮಕ್ಕಳನ್ನು ದೂರವಿರಿಸಬೇಕು.

ಈ ವಿಷಯ ಬಂಧುಬಳಗದಲ್ಲಿ ಹರಡಿದ ಮೇಲೆ ಗೌರಿಬಿದನೂರಿನ ಕಡೆಯಿಂದ ಮತ್ತೊಂದು ಪ್ರಶ್ನೆ ಬಂದಿದೆ: ಹೊಲದಲ್ಲಿ ಸಿಕ್ಕ ಉಡದ ಮರಿಯನ್ನು ಹುಡುಗರು ಹಗ್ಗ ಕಟ್ಟಿ ಸಾಕುತ್ತಿದ್ದಾರೆ, ಅದನ್ನೂ ಹೀಗೆ ಪಳಗಿಸಬಹುದೇ? ಕೂಡದು. ಉಡವು ನಮ್ಮ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಹಿಡಿಯುವುದೂ ಇರಿಸಿಕೊಳ್ಳುವುದೂ ಅಪರಾಧ. ಗೋಸುಂಬೆ, ನಕ್ಷತ್ರ ಆಮೆ, ಗಿಳಿಗಳೂ ಮನೆಯಲ್ಲಿ ಇರಕೂಡದವು. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿರಿ. ಅದೇ ಪತ್ರದಲ್ಲಿ, ಪೂಜೆಯಲ್ಲಿಟ್ಟರೆ ಸಂಪತ್ತು ತರುವ ಬೇರೆಂದು ಯಾರೋ 'ಹಾಥಾ ಜೋಡಿ' ಎಂಬುದನ್ನು ಮಾರಲು ಬಂದಿದ್ದರೆಂದೂ ಇದೆ. ಕೈಮುಗಿದಂತೆ ಕಾಣುವ ಅದು ಯಾವ ಗಿಡದ ಬೇರೂ ಅಲ್ಲ. ಕೊಂದ ಗಂಡು ಉಡದ ಜನನಾಂಗವನ್ನು ಒಣಗಿಸಿದ್ದು. 2017ರಲ್ಲಿ ಈ ವಂಚನೆ ದೇಶದಾದ್ಯಂತ ಬಯಲಾಯಿತು. ದೇವರ ಮುಂದೆ ಅದನ್ನಿಡುವ ಮುನ್ನ ನಮ್ಮ ತಾಯಂದಿರು ಈ ಸಂಗತಿಯನ್ನು ಬಲ್ಲವರಾಗಲಿ.

ಶಿಡ್ಲಘಟ್ಟದ ಸೋದರತ್ತೆಯೂ ಸುಮ್ಮನಿಲ್ಲ. ಹುಳುಮನೆಗೆ ನುಗ್ಗಿ ಎಳೆಯ ಹುಳುಗಳನ್ನು ನುಂಗುವ ಗೋಡೆಹಲ್ಲಿಗಳನ್ನು ಪಳಗಿಸುವ ಉಪಾಯವೊಂದಿದ್ದರೆ ತಿಳಿಸಿರೆಂದು ಹಾಸ್ಯ ಮಾಡಿದ್ದಾರೆ. ಊಜಿ ನೊಣಕ್ಕೆಂದು ಕಿಟಕಿಗೆ ಹೊಡೆದ ನೈಲಾನ್ ಬಲೆಯ ಅಂಚುಗಳನ್ನು ಬಿಗಿಯಾಗಿಡುವುದೂ, ಗೋಡೆಯ ಬಿರುಕುಗಳಿಗೆ ಗಾರೆ ಮೆತ್ತುವುದೂ ಬಿಟ್ಟು ಬೇರೆ ಉಪಾಯ ನಮಗೆ ಕಾಣದು. ಕೊಲ್ಲಬೇಡಿರಿ, ಹಲ್ಲಿಗೆ ವಿಷವಿದೆಯೆಂಬುದು ಬರಿಯ ನಂಬಿಕೆ.

ಕಳೆದ ವಾರ ಚಿಂತಾಮಣಿಗೆ ಮತ್ತೊಮ್ಮೆ ಹೋಗಿದ್ದೆವು. ನಾವು ಮುರಿದ ಬಾಲ ಒಂದು ಗೇಣಿನಷ್ಟು ಬೆಳೆದಿದೆ. ಹಳೆಯದರ ಪಟ್ಟೆಗಳಿಲ್ಲ, ಕಪ್ಪಗೆ ನುಣುಪಾಗಿದೆ, ಮೊದಲಿನಷ್ಟು ಉದ್ದಕ್ಕೆ ಇನ್ನು ಬಾರದು. ನಾವು ಪಡಸಾಲೆಗೆ ಕಾಲಿಟ್ಟೊಡನೆ ಅದು ಕೊರಳ ಚೀಲ ಇಳಿಬಿಟ್ಟು ಆ ಮೊಂಡು ಬಾಲವನ್ನು ಬಿಲ್ಲಿನಂತೆ ಬಗ್ಗಿಸಿತು. ನಾವು ಒಂದು ಹೆಜ್ಜೆ ಹಿಂದೆ ಸರಿದು, ಅಜ್ಜಿ ತೋರಿಸಿದ ಮಣೆಯ ಮೇಲೆ ಬೆನ್ನು ತಿರುಗಿಸಿ ಕುಳಿತೆವು.